ಹದಿನಾಲ್ಕನೇ ಮನೆಯ ನೀರು

ನಮ್ಮ ಸ್ಕೊರೂಶ್ ಊರಿಗೆ ಯೋಜನೆ ಬಂದಾಗ ಪೌನಾಗೆ ಐವತ್ತೆಂಟು ವರ್ಷ. ಕೆಲಸ ಹೋಗಿತ್ತು, ಕಾಲು ಮಾತ್ರ ಗಟ್ಟಿಯಾಗಿತ್ತು. ಇಪ್ಪತ್ತಾರು ವರ್ಷ ಊರಿನ ಅಂಚೆ ಹಂಚಿದ ಕಾಲು ಅದು. ಅಂಚೆ ಕಚೇರಿಗೆ ಬೀಗ ಜಡಿದ ಮೇಲೂ ಅವಳು ಆರು ತಿಂಗಳು ಬೆಳಗಾದರೆ ಎದ್ದು, ಬರಿಗೈಯಲ್ಲಿ ಊರೆಲ್ಲ ಸುತ್ತಿ ಬರುತ್ತಿದ್ದಳು. ಯಾಕೆ ಅಂತ ಕೇಳಿದರೆ, ನಾಯಿಗಳಿಗೆ ತನ್ನ ಗುರುತು ಮರೆತುಹೋಗಬಾರದು ಅನ್ನುತ್ತಿದ್ದಳು. ಗಂಡ ಕಲ್ಲಿದ್ದಲ ಗಣಿಯಲ್ಲಿ ಕೆಮ್ಮಿ ಕೆಮ್ಮಿ ಬೇಗ ಹೋದ, ಮಕ್ಕಳಾಗಲಿಲ್ಲ. ಊರೇ ಅವಳ ಸಂಸಾರ, ಊರಿನವರ ಗುಟ್ಟೇ ಅವಳ ಆಸ್ತಿ. ಆದರೆ ಒಂದು ಕಾಗದವನ್ನೂ ಒಡೆದು ಓದಿದವಳಲ್ಲ. ಸತ್ತವರ ಹೆಸರಿಗೆ ಕಾಗದ ಬಂದರೆ ವಾಪಸ್ ಕಳಿಸುವಾಗ ‘ಮೃತರಾಗಿದ್ದಾರೆ’ ಅನ್ನುವ ಜಾಗದಲ್ಲಿ ಗುರುತು ಹಾಕುತ್ತಿರಲಿಲ್ಲ. ‘ವಿಳಾಸ ಬದಲಾಗಿದೆ’ ಅಂತ ಬರೆಯುತ್ತಿದ್ದಳು. ಮೇಲಿನವರು ಎರಡು ಸಲ ನೋಟೀಸು ಕೊಟ್ಟರು. ಅವಳು ಮೂರನೇ ಸಲವೂ ಹಾಗೇ ಬರೆದಳು.

ಯೋಜನೆಯವರು ಮೊದಲು ಶಾಲೆಯಲ್ಲಿ ಸಭೆ ಸೇರಿಸಿದರು. ಗೋಡೆ ತುಂಬ ಬಣ್ಣಬಣ್ಣದ ಚೀಟಿ ಅಂಟಿಸಿ, ‘ನಿಮ್ಮ ಕಷ್ಟ ನೀವೇ ಹೇಳಿ, ನಾವು ಕೇಳೋದಕ್ಕೇ ಬಂದಿದ್ದೀವಿ’ ಅಂದರು. ಊರಿನವರು ಬಸ್ಸು ಬೇಕು ಅಂದರು. ವೈದ್ಯರು ಬೇಕು ಅಂದರು. ಕಾಡುಹಂದಿಗೆ ಏನಾದರೂ ಮಾಡಿ ಅಂದರು. ಚೀಟಿಗಳೆಲ್ಲ ಒಂದೊಂದಾಗಿ ಪಕ್ಕಕ್ಕೆ ಸರಿದು, ಸಂಜೆ ಹೊತ್ತಿಗೆ ಊರಿನ ಒಮ್ಮತದ ಬೇಡಿಕೆ ನೀರು ಎಂದು ತೀರ್ಮಾನವಾಯಿತು. ಯೋಜನೆಯ ಹೆಸರೇ ‘ಗ್ರಾಮೀಣ ನೀರು’ ಎಂದಿದ್ದರಿಂದ ಇದು ದೊಡ್ಡ ಕಾಕತಾಳೀಯವೇ ಸರಿ.

ಹಾಗಂತ ನೀರು ಬೇಡವಾಗಿತ್ತು ಅಂತಲ್ಲ. ಇದ್ದದ್ದು ಒಂದೇ ಒಳ್ಳೆಯ ಬಾವಿ, ಅದೂ ಕೆಳಗೆ ಹೊಳೆಯ ಪಕ್ಕದಲ್ಲಿ. ಕೆಳಕೇರಿಯವರಿಗೆ ಹತ್ತು ನಿಮಿಷದ ದಾರಿ. ಪೌನಾ ಇದ್ದ ಮೇಲ್ಕೇರಿಗೆ ಮಾತ್ರ ಅರ್ಧ ಗಂಟೆ ಏರು. ತುಂಬಿದ ಬಕೆಟ್ಟು ಹಿಡಿದು ಆ ಏರು ಹತ್ತಿದ ಹೆಂಗಸರ ಸೊಂಟಗಳೆಲ್ಲ ಐವತ್ತಕ್ಕೇ ಮುಗಿದುಹೋಗಿದ್ದವು. ಹೀಗಿದ್ದೂ ಕೊಳವೆ ಮೊದಲು ಬಂದದ್ದು ಕೆಳಕೇರಿಗೆ. ಅಲ್ಲಿ ನೆಲ ಸಪಾಟು, ಕೆಲಸ ಬೇಗ ಮುಗಿಯುತ್ತದೆ, ಬೇಗ ಫಲ ತೋರಿಸಬಹುದು ಅಂತ. ಮೇಲ್ಕೇರಿಯ ಮೂವತ್ತೇಳು ಮನೆಗಳಿಗೆ ಎರಡನೇ ಹಂತ. ಆ ಎರಡನೇ ಹಂತ ಸಿಗಬೇಕಾದರೆ ಮೊದಲ ಹಂತ ಗೆದ್ದಿರಬೇಕು. ಗೆದ್ದಿತೋ ಇಲ್ಲವೋ ಅಳೆಯುವುದು ಹೇಗೆ? ಕೆಳಕೇರಿಯ ನಲವತ್ತೊಂದು ಮನೆಗಳಲ್ಲಿ ಒಂದಕ್ಕೂ ಯಾರೂ ಬಾವಿಯಿಂದ ನೀರು ಹೊರಬಾರದು. ನೂರಕ್ಕೆ ನೂರು. ತೊಂಬತ್ತೈದು ಅಂತ ಬರೆದಿದ್ದರೆ ಯಾರ ಗಂಟು ಹೋಗುತ್ತಿತ್ತೋ ದೇವರಿಗೇ ಗೊತ್ತು. ಆದರೆ ಆ ಯೋಜನೆ ಬರೆದವರು ಬಾವಿಯನ್ನೂ ಕಂಡಿರಲಿಲ್ಲ, ನಮ್ಮ ಹೆಂಗಸರನ್ನೂ ಕಂಡಿರಲಿಲ್ಲ. ನೂರು ಅನ್ನುವ ಅಂಕಿಯನ್ನು ಮಾತ್ರ ಚೆನ್ನಾಗಿ ಕಂಡಿದ್ದರು.

ಎಣಿಸುವುದಕ್ಕೆ ಊರಿನವರೇ ಒಬ್ಬರು ಬೇಕು ಎಂದಾಗ ಎಲ್ಲರೂ ಪೌನಾ ಕಡೆ ನೋಡಿದರು. ಅವಳಿಗೆ ಒಂದು ಹಲಗೆ, ಒಂದು ಪೆನ್ನು, ಒಂದು ಕಟ್ಟು ಕಾಗದ ಕೊಟ್ಟರು. ಪ್ರತಿ ಶುಕ್ರವಾರ ಮನೆಮನೆಗೆ ಹೋಗಿ, ಈ ವಾರ ಎಷ್ಟು ಸಲ ಬಾವಿಗೆ ಹೋದಿರಿ, ಎಷ್ಟು ನಿಮಿಷ ಹಿಡಿಯಿತು ಅಂತ ಬರೆಯಬೇಕು. ಕೊಳವೆ ಹಾಕುವ ಮೊದಲಿನ ಎಣಿಕೆಯಲ್ಲೇ ಒಂದು ರಂಪವಾಯಿತು. ಹತ್ತು ನಿಮಿಷದ ದಾರಿಗೆ ಕೆಳಕೇರಿಯ ಹೆಂಗಸರೆಲ್ಲ ‘ಒಂದೂವರೆ ಗಂಟೆ’ ಅಂದರು. ಸುಳ್ಳೇನಲ್ಲ. ದಾರಿಗೆ ಹತ್ತು ನಿಮಿಷ, ಬಾವಿಕಟ್ಟೆಯ ಮೇಲೆ ಊರನ್ನು ಜಾಲಾಡಲು ಉಳಿದದ್ದು. ಯೋಜನೆಯವರು ಒಂದೂವರೆ ಗಂಟೆಯನ್ನೇ ಬರೆದುಕೊಂಡು, ನಲ್ಲಿ ಬಂದ ಮೇಲೆ ಉಳಿಯುವ ಸಮಯದಲ್ಲಿ ಸ್ತ್ರೀಯರು ಸ್ವಂತ ಉದ್ಯೋಗ ಮಾಡುತ್ತಾರೆ ಅಂತ ಇನ್ನೊಂದು ಕಾಗದದಲ್ಲಿ ಬರೆದರು. ನಲ್ಲಿ ಬಂದಿತು. ಸ್ತ್ರೀಯರು ಆ ಒಂದೂವರೆ ಗಂಟೆಯನ್ನು ಬೇಲಿ ಪಕ್ಕ ನಿಂತು ಖರ್ಚು ಮಾಡತೊಡಗಿದರು. ಅದನ್ನು ಅಳೆಯುವ ಕಾಗದ ಯಾರೂ ಕೊಟ್ಟಿರಲಿಲ್ಲ, ಹಾಗಾಗಿ ಪೌನಾ ಬರೆಯಲಿಲ್ಲ.

ಒಂದು ವರ್ಷ ಎಲ್ಲ ಸುಸೂತ್ರ. ವಾರವಾರವೂ ನಲವತ್ತೊಂದು ಸೊನ್ನೆ. ಕ್ರಾಯೋವಾ ನಗರದ ಕಚೇರಿಯಿಂದ ಯೋಜನೆಯ ಅಧಿಕಾರಿ ರಝ್ವಾನ್ ಬರುತ್ತಿದ್ದ. ಮೂವತ್ತರ ಹುಡುಗ, ಒಳ್ಳೆಯವನೇ, ಊರಿನ ಕೆಸರಿಗೂ ಬಿಳಿ ಬೂಟು ಹಾಕಿಕೊಂಡು ಬರುವಷ್ಟು ಆಶಾವಾದಿ. ಸೊನ್ನೆಗಳನ್ನು ನೋಡಿ ನೋಡಿ ಅವನಿಗೆ ಸಂತೋಷ. ಸೆಪ್ಟೆಂಬರ್ ಮೂವತ್ತಕ್ಕೆ ಮೊದಲ ಹಂತದ ಹಣದ ಕಂತು ಮುಚ್ಚುತ್ತದೆ, ಹಣ ಕೊಟ್ಟವರು ಹೊರದೇಶದಿಂದ ಪರಿಶೀಲನೆಗೆ ಬರುತ್ತಾರೆ, ಆಮೇಲೆ ಮೇಲ್ಕೇರಿಗೆ ಕೊಳವೆ.

ಆಗಸ್ಟಿನಲ್ಲಿ ಹದಿನಾಲ್ಕನೇ ಮನೆಯ ಡುಮಿತ್ರಾ ಅಜ್ಜಿ ಹಾಸಿಗೆ ಹಿಡಿದಳು.

ಎಂಬತ್ತೊಂದು ವರ್ಷ, ಒಂಟಿ ಜೀವ. ಪೌನಾ ಹದಿನೆಂಟರಲ್ಲಿ ಸೊಸೆಯಾಗಿ ಈ ಊರಿಗೆ ಬಂದಾಗ, ಅತ್ತೆಯ ಬೈಗುಳ ತಿಂದು ಬಾವಿಯ ಹತ್ತಿರ ಅಳುತ್ತಿದ್ದವಳನ್ನು ಮನೆಗೆ ಕರೆದುಕೊಂಡು ಹೋಗಿ ಮೆಕ್ಕೆಜೋಳದ ಬಿಸಿ ಮುದ್ದೆ ಮಮಲಿಗಾ, ಮೇಲೆ ಗಿಣ್ಣು ಇಟ್ಟು ತಿನ್ನಿಸಿದವಳು ಈ ಡುಮಿತ್ರಾ. ತಾಯಿ ಅಂತ ಪೌನಾ ಬಾಯಿಬಿಟ್ಟು ಕರೆಯಲಿಲ್ಲ, ಅಷ್ಟೆ.

“ಪೌನಾ, ನನ್ನ ನೀರು ನೀನೇ ಹೊರ್ಬೇಕು ಕಣೆ,” ಅಂದಳು ಅಜ್ಜಿ.

ನಮ್ಮ ಕಡೆ ಸತ್ತವರಿಗೆ ಬಾಯಾರಿಕೆ ಜಾಸ್ತಿ. ಮಣ್ಣು ಮಾಡಿದ ಮೇಲೆ ನಲವತ್ತನಾಲ್ಕು ದಿನ, ದಿನಕ್ಕೊಂದು ಬಕೆಟ್ಟು ನೀರನ್ನು ಅವರ ಹೆಸರಿನಲ್ಲಿ ಪಕ್ಕದ ಮನೆಗೆ ಹೊತ್ತುಹಾಕಬೇಕು. ಹೊರುವಾಗ ಮಾತಾಡಬಾರದು. ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ ಶುರು. ಒಂದೊಂದು ಬಕೆಟ್ಟಿಗೂ ಕೋಲಿನ ಮೇಲೆ ಒಂದೊಂದು ಗೀರು. ಕೊನೆಗೆ ಹೊಳೆಯ ದಡದಲ್ಲಿ ಎಲ್ಲರೆದುರು ಲೆಕ್ಕ ಒಪ್ಪಿಸಿ ಕೋಲನ್ನು ನೀರಿಗೆ ಬಿಡಬೇಕು.

“ಹೊರ್ತೀನಿ ಬಿಡು ಅಜ್ಜಿ. ಈಗ್ಯಾಕೆ ಆ ಮಾತು? ಹೊರೋದೇನು, ನಿನ್ನ ಅಂಗಳದಲ್ಲೇ ನಲ್ಲಿ ಇದೆಯಲ್ಲ.”

“ನಲ್ಲಿ ನೀರು ಬದುಕಿರೋರಿಗೆ. ಕಿವಿ ಹಿಂಡಿದ್ರೆ ಬರೋ ನೀರಲ್ಲಿ ನೀನು ನಂಗೆ ಕೊಟ್ಟಿದ್ದೇನು? ಬಾವೀದೇ ತಾ.”

“ಬಾವೀದಾ?” ಪೌನಾಗೆ ತನ್ನ ಹಲಗೆ ನೆನಪಾಯಿತು.

“ಬಾವೀದೇ. ಜಗ್ಗಿ ಎಳ್ದು, ಹೊತ್ಕೊಂಡ್ ಬಂದಿದ್ದು. ಆಯ್ತು ಅನ್ನು.”

ಪೌನಾ ಆಯ್ತು ಅಂದಳು. ಅಜ್ಜಿ ಎರಡು ದಿನ ಬಿಟ್ಟು ಹೋದಳು. ಆಗಸ್ಟ್ ಇಪ್ಪತ್ತರಂದು ಪೌನಾ ಮೊದಲ ಬಕೆಟ್ಟು ಹೊತ್ತಳು. ನಲವತ್ತನಾಲ್ಕನೆಯದು ಅಕ್ಟೋಬರ್ ಎರಡಕ್ಕೆ ಬೀಳುತ್ತಿತ್ತು. ಕಂತು ಮುಚ್ಚಿ ಎರಡು ದಿನಕ್ಕೆ. ಅಜ್ಜಿ ಎರಡು ದಿನ ಮೊದಲು ಸತ್ತಿದ್ದರೆ ಯೋಜನೆಗೆ ಅನುಕೂಲವಾಗುತ್ತಿತ್ತು. ಆದರೆ ಅವಳಿಗೆ ಯಾರೂ ವೇಳಾಪಟ್ಟಿ ಕೊಟ್ಟಿರಲಿಲ್ಲ.

ಆ ಶುಕ್ರವಾರ ಪೌನಾ ಕಾಗದ ಹಿಡಿದು ಕುಳಿತಳು. ಬಾವಿಯಿಂದ ನೀರು ಹೊತ್ತದ್ದು ನಿಜ, ಬರೆಯಲೇಬೇಕು. ಯಾವ ಮನೆಯ ಎದುರು? ನೀರು ಇಳಿಸುತ್ತಿದ್ದುದು ಹದಿನೈದನೇ ಮನೆಯ ಫ್ಲೋರಿಯಾಳ ಕೈಗೆ. ಅವಳನ್ನು ಕೇಳಿದರೆ ಹೌಹಾರಿದಳು.

“ನನ್ನ ಮನೆ ಎದುರು ಬರೀಬೇಡ್ವೇ ಮಾರಾಯ್ತಿ! ನಾನು ಕುಡಿಯೋದು ನಲ್ಲಿ ನೀರೇ. ಇದು ಡುಮಿತ್ರಂದು. ನನ್ನ ಕೈಗೆ ಬಂದು ಅವಳ ಬಾಯಿಗೆ ಹೋಗತ್ತೆ. ನಾನು ಬರೀ ಕೈ ಅಷ್ಟೆ.”

ಸರಿಯಾದ ಮಾತು. ಪೌನಾ ಹದಿನಾಲ್ಕನೇ ಮನೆಯ ಎದುರು ಬರೆದಳು: ಏಳು ಸಲ, ಹತ್ತು ನಿಮಿಷ, ಬಳಸುವವರು ಡುಮಿತ್ರಾ.

ಸೋಮವಾರ ರಝ್ವಾನ್ ಫೋನು ಮಾಡಿದ.

“ಪೌನಕ್ಕ, ಹದಿನಾಲ್ಕನೇ ಮನೇಲಿ ಏಳು ಅಂತ ಬಂದಿದೆ. ಕೈತಪ್ಪಾ?”

“ಇಲ್ಲಪ್ಪ, ಏಳೇ. ನಾನೇ ಹೊತ್ತಿದ್ದು.”

“ಡುಮಿತ್ರಾ ಅಜ್ಜಿ ತೀರ್ಕೊಂಡ್ರು ಅಂತ ನೀವೇ ಹೇಳಿದ್ರಲ್ಲ?”

“ಅದಕ್ಕೇ ಹೊರ್ತಿರೋದು. ಬದುಕಿದ್ದಾಗ ಯಾಕೆ ಹೊರ್ಲಿ, ಅವಳಿಗೆ ನಲ್ಲಿ ಇತ್ತು.”

ರಝ್ವಾನ್ ಮೆಲ್ಲಗೆ ವಿವರಿಸಿದ. ನಲವತ್ತೊಂದರಲ್ಲಿ ಒಂದು ಮನೆಗೆ ನೀರು ಹೊತ್ತರೂ ನೂರು ಬರುವುದಿಲ್ಲ. ನೂರು ಬಾರದಿದ್ದರೆ ಎರಡನೇ ಹಂತ ಇಲ್ಲ. ಆ ಹಣ ಬೇರೆ ಯಾವುದೋ ದೇಶಕ್ಕೆ ಹೋಗುತ್ತದೆ, ಅಲ್ಲಿ ಜನ ಮರ್ಯಾದೆಯಿಂದ ಸಾಯುತ್ತಾರೆ. ಕೊನೆಯದನ್ನು ಅವನು ಹೇಳಲಿಲ್ಲ, ಪೌನಾಗೆ ಹಾಗೆ ಕೇಳಿಸಿತು.

“ಪರಿಶೀಲನೆಗೆ ಬರೋ ಎರಡು ದಿನ ಆದ್ರೂ ನಿಲ್ಸಿ ಅಕ್ಕ. ಸತ್ತೋರು ಎರಡು ದಿನ ಕಾಯಲ್ವಾ?”

“ನಿಮ್ಮೋರು ಎರಡು ದಿನ ಕಾಯಲ್ವಾ? ಅಕ್ಟೋಬರ್ ಎರಡಕ್ಕೆ ಬರಕ್ಕೆ ಹೇಳು. ಅವತ್ತು ಸಂಜೆಯಿಂದ ಸೊನ್ನೆ.”

ಕಾಯುವುದು ಎರಡು ಕಡೆಯವರಿಗೂ ಆಗದ ಮಾತಾಗಿತ್ತು.

ಸುದ್ದಿ ಮೇಲ್ಕೇರಿ ಮುಟ್ಟಲು ಒಂದು ಗಂಟೆ ಸಾಕಾಯಿತು. ಅಲ್ಲಿಂದ ಪೌನಾಗೆ ನೆಮ್ಮದಿಯಿಲ್ಲ. ಪಾದ್ರಿಗಳನ್ನು ಕೇಳಿದರೆ, ಚರ್ಚಿನ ಪುಸ್ತಕದಲ್ಲಿ ನಲವತ್ತು ದಿನ ಇದೆ, ನಲವತ್ತನಾಲ್ಕು ಎಲ್ಲೂ ಇಲ್ಲ, ನೀರಂತೂ ಯಾವುದಾದರೂ ನೀರೇ ಅಂದರು. ಹೋದ ವರ್ಷ ಅವರ ತಾಯಿಗೆ ಬಾವಿಯಿಂದಲೇ ನಲವತ್ತನಾಲ್ಕು ಹೊರಿಸಿದ್ದರು. ಆದರೆ ಪಾದ್ರಿಗಳ ಮನೆಯೂ ಮೇಲ್ಕೇರಿಯಲ್ಲೇ ಇರುವುದರಿಂದ ಅವರ ಶಾಸ್ತ್ರ ಈಚೆಗೆ ಸ್ವಲ್ಪ ಮೆತ್ತಗಾಗಿತ್ತು.

ಪೌನಾಳ ಪಕ್ಕದ ಮನೆಯ ವೇತಾ ಮಾತ್ರ ಮೆತ್ತಗಾಗುವ ಜಾತಿಯಲ್ಲ. ಅವಳಿಗೂ ಪೌನಾ ವಯಸ್ಸೇ. ಬಲಗಡೆಯ ಸೊಂಟ ಸವೆದು ಕುಂಟುತ್ತಾಳೆ, ಬಾಯಿ ಮಾತ್ರ ಓಡುತ್ತದೆ. “ಏನು, ನಮ್ಮ ಅಂಚೆಯಮ್ಮ ಈಗ ಪರಲೋಕಕ್ಕೂ ಡೆಲಿವರಿ ಶುರುಮಾಡಿದ್ಲಾ?” ಅಂತ ಬೇಲಿಯಾಚೆಯಿಂದ ಚುಚ್ಚುತ್ತಿದ್ದಳು. ಪೌನಾ ನಗುತ್ತಿದ್ದಳು. ದಿನ ಕಳೆದ ಹಾಗೆ ಚುಚ್ಚುಮಾತು ಉಳಿಯಿತು, ನಗು ಹೋಯಿತು.

ನಲವತ್ತನೇ ದಿನ ಬೆಳಿಗ್ಗೆ ಪರಿಶೀಲನೆಯ ಕಾರು ಬಂದಿತು. ಹೊರದೇಶದ ಸೊಲ್ವೈಗ್ ಮೇಡಂ ಇಳಿದರು. ಎತ್ತರದ ಹೆಂಗಸು, ಮಳೆಯಿಲ್ಲದಿದ್ದರೂ ಮಳೆಕೋಟು. ಇಳಿದ ಕೂಡಲೇ ಕಂಡದ್ದು ನಲ್ಲಿಗಳ ಸಾಲಿನ ಮಧ್ಯೆ ಬಾವಿಯ ಬಕೆಟ್ಟು ಹೊತ್ತು ಬರುತ್ತಿದ್ದ ಪೌನಾ. ರಝ್ವಾನನ ಮುಖ ಅವನ ಬೂಟಿನ ಬಣ್ಣಕ್ಕೆ ತಿರುಗಿತು.

ಮೇಡಂ ನಮಸ್ಕಾರ ಅಂದರು. ಪೌನಾ ಮಾತಾಡಲಿಲ್ಲ. ಹೆಸರೇನು ಅಂದರು. ಮಾತಿಲ್ಲ. ಯಾರಾದರೂ ಬೆದರಿಸಿದ್ದಾರಾ ಅಂತ ರಝ್ವಾನನ ಕೈಲಿ ಕೇಳಿಸಿದರು. ಪೌನಾ ಮುಂದೆ ನಡೆದಳು. ಮೇಡಂ ಗಡಿಯಾರ ನೋಡಿಕೊಂಡು ಹಿಂದೆಯೇ ನಡೆದರು, ನಡೆಯುತ್ತಲೇ ಏನೋ ಬರೆದುಕೊಂಡರು. ಫ್ಲೋರಿಯಾ ಗೇಟಿನಲ್ಲಿ ಬಕೆಟ್ಟು ತೆಗೆದುಕೊಂಡು, “ಡುಮಿತ್ರಾಗೆ ಮುಟ್ಲಿ,” ಅಂದಳು. ಪೌನಾ ಜೇಬಿನಿಂದ ಚಾಕು ತೆಗೆದು ಕೋಲಿನ ಮೇಲೆ ನಲವತ್ತನೇ ಗೀರು ಕೊರೆದಳು.

ಆ ಕೋಲು ಕಂಡದ್ದೇ ತಡ, ಮೇಡಂ ಮುಖ ಅರಳಿಹೋಯಿತು. ಗೀರುಗಳನ್ನು ಬೆರಳಿಟ್ಟು ಎಣಿಸಿದರು. ನಾಲ್ಕು ಕಡೆಯಿಂದ ಫೋಟೋ ತೆಗೆದರು. ಜನರೇ ಸ್ವತಃ ಫಲಿತಾಂಶ ಅಳೆಯುವ ಇಂಥ ಸಾಧನವನ್ನು ತಾನು ಹನ್ನೊಂದು ದೇಶಗಳಲ್ಲಿ ಹುಡುಕುತ್ತಿದ್ದೆ ಅಂದರು. ಇದನ್ನು ಯಾವ ತರಬೇತಿಯಲ್ಲಿ ಕಲಿಸಿದ್ದು ಅಂತ ರಝ್ವಾನನನ್ನು ಕೇಳಿದರು. ಅವನು ಎರಡನೇ ತರಬೇತಿಯಲ್ಲಿ ಅಂದುಬಿಟ್ಟ. ಪಾಪ, ಹೆದರಿದವನ ಬಾಯಿಗೆ ಏನು ಬಂತೋ ಅದು.

ಆಮೇಲೆ ಪೌನಾ ಬಾಯಿ ತೆರೆದು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ರಝ್ವಾನ್ ಬೆವರುತ್ತ ಮೇಡಂ ಭಾಷೆಗೆ ತಿರುಗಿಸಿದ. ಮೇಡಂ ಕೇಳುತ್ತ ಕೇಳುತ್ತ ಫ್ಲೋರಿಯಾಳ ಜಗುಲಿಯ ಮೇಲೆ ಕುಳಿತರು. ಕೆಟ್ಟವರೇನಲ್ಲ. ನಿಜವಾಗಿ ಬೇಜಾರಾಯಿತು ಅವರಿಗೆ. ತಮ್ಮ ಕಾಗದಗಳನ್ನೆಲ್ಲ ಹಿಂದಕ್ಕೂ ಮುಂದಕ್ಕೂ ತಿರುವಿ, ಕೊನೆಗೆ ಒಂದನ್ನು ಹೊರತೆಗೆದರು.

“ಮೇಡಂ ಹೇಳ್ತಿದಾರೆ, ದಾರಿ ಇದೆಯಂತೆ,” ಅಂದ ರಝ್ವಾನ್. “ಏಳನೇ ನಮೂನೆ. ಊರು ಬಿಟ್ಟು ಹೋದೋರ ಹೆಸರು ತೆಗೆಯಕ್ಕೆ ಇರೋದು. ಅಜ್ಜಿ ಹೆಸರು ಪಟ್ಟಿಯಿಂದ ತೆಗೆದ್ರೆ ಉಳಿಯೋದು ನಲವತ್ತು ಮನೆ. ನಲವತ್ತಕ್ಕೆ ನಲವತ್ತು. ನೂರು! ನೀವು ನೀರು ಹೊರ್ಬೋದು ಅಕ್ಕ, ಯಾರೂ ಬೇಡ ಅನ್ನಲ್ಲ. ಎಣಿಸೋರ ಸಹಿ ಬೇಕು ಅಷ್ಟೆ. ನಾಡಿದ್ದರ ಒಳಗೆ.”

ಪೌನಾ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದಳು. ಡುಮಿತ್ರಾಳ ಪೂರ್ತಿ ಹೆಸರು, ಮನೆ ನಂಬರು, ಕೆಳಗೆ ಅಚ್ಚಾದ ಒಂದೇ ಸಾಲು: ‘ಮೇಲ್ಕಂಡ ವ್ಯಕ್ತಿಗೆ ಇನ್ನು ಮುಂದೆ ನೀರಿನ ಅಗತ್ಯ ಇರುವುದಿಲ್ಲ ಎಂದು ದೃಢೀಕರಿಸುತ್ತೇನೆ.’

“ಇದು ಸುಳ್ಳು,” ಅಂದಳು.

“ಅಕ್ಕ, ಇದು ಬರೀ ನಮೂನೆ.”

“ಸುಳ್ಳು ಕಣಪ್ಪ. ಬಾಯಾರಿಕೆ ಆಗ್ತಿದೆ ಅಂತ ಬೆಳಿಗ್ಗೆ ನೀರು ಹೊತ್ಹಾಕಿ, ಮಧ್ಯಾಹ್ನ ಅವಳಿಗೆ ನೀರು ಬೇಕಿಲ್ಲ ಅಂತ ಸಹಿ ಹಾಕ್ಲಾ? ಅವಳು ಯಾವುದನ್ನ ನಂಬಬೇಕು?”

ರಝ್ವಾನ್ ಇದನ್ನು ಮೇಡಂಗೆ ಹೇಳಲಿಲ್ಲ. ಕಾಗದವನ್ನು ಪೌನಾ ಕೈಯಲ್ಲೇ ಬಿಟ್ಟು, ನಾಳೆ ಬರುತ್ತೇನೆ ಅಂದ.

ಮರುದಿನ ನಲವತ್ತೊಂದನೇ ಬಕೆಟ್ಟು ಮುಟ್ಟಿಸಿ ಪೌನಾ ಏರು ಹತ್ತುತ್ತಿದ್ದಳು. ಅರ್ಧ ದಾರಿಯಲ್ಲಿ ವೇತಾ ಚರಂಡಿ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಪಕ್ಕದಲ್ಲಿ ಎರಡು ಬಕೆಟ್ಟು. ಎರಡೂ ಅರ್ಧರ್ಧ. ಮುಖ ಬೂದಿಯಾಗಿತ್ತು.

“ಕೊಡು ಇಲ್ಲಿ,” ಅಂತ ಪೌನಾ ಬಗ್ಗಿದಳು.

“ಮುಟ್ಟಬೇಡ.” ವೇತಾ ದನಿಯಲ್ಲಿ ಕುಚೋದ್ಯ ಇರಲಿಲ್ಲ. “ಪೌನಾ, ಡುಮಿತ್ರಾ ಸತ್ತಿದಾಳೆ. ನಾನಿನ್ನೂ ಸತ್ತಿಲ್ಲ. ನಂಗೂ ಬಾಯಾರತ್ತೆ. ನಂಗೆ ನೀರು ಬೇಕು ಅಂತ ಬರೆಯಕ್ಕೆ ನಿನ್ನ ಹತ್ರ ಕಾಗದ ಇದ್ಯಾ?”

ಇಬ್ಬರೂ ನಲವತ್ತು ವರ್ಷ ಒಟ್ಟಿಗೆ ಈ ಏರು ಹತ್ತಿದ್ದರು. ಪೌನಾ ಜೇಬಿನಲ್ಲಿದ್ದ ಕಾಗದ ತೆಗೆದು, ವೇತಾಳ ಪಕ್ಕದಲ್ಲೇ ಕುಳಿತು, ತೊಡೆಯ ಮೇಲಿಟ್ಟುಕೊಂಡು ಸಹಿ ಹಾಕಿದಳು.

ಆ ಶುಕ್ರವಾರ ಯೋಜನೆ ಗೆದ್ದಿತು. ಕಚೇರಿಯಲ್ಲಿ ಕೇಕು ಕತ್ತರಿಸಿದರಂತೆ. ಪೌನಾ ನಲವತ್ತೆರಡು, ನಲವತ್ಮೂರು, ನಲವತ್ತನಾಲ್ಕೂ ಹೊತ್ತಳು.

ಭಾನುವಾರ ಊರೆಲ್ಲ ಹೊಳೆಯ ದಡದಲ್ಲಿ ಸೇರಿತು. ಕೋಲಿನ ಜೊತೆ ಹೊಳೆಗೆ ಬಿಡಲು ಅರ್ಧ ಸೋರೆಬುರುಡೆಯಲ್ಲಿ ರೊಟ್ಟಿಯ ತುಂಡು, ಹಚ್ಚಿದ ಮೇಣದಬತ್ತಿ. ನೀರು ಪಡೆದವಳೇ ಲೆಕ್ಕ ಕೇಳಬೇಕಾದ್ದರಿಂದ ಫ್ಲೋರಿಯಾ ಎದುರು ನಿಂತಳು.

“ನಲವತ್ತನಾಲ್ಕೂ ಹೊತ್ಯಾ?”

“ಹೊತ್ತೆ.”

“ಡುಮಿತ್ರಾ ಹೆಸರಲ್ಲೇ ಹೊತ್ಯಾ?”

“ಅವಳ ಹೆಸರಲ್ಲೇ ಹೊತ್ತೆ.”

“ಅವಳಿಗೆ ಮುಟ್ಟಿತಾ?”

ಮುಟ್ಟಿತು ಅನ್ನಬೇಕು. ಅಷ್ಟಂದರೆ ಎಲ್ಲ ಮುಗಿಯುತ್ತಿತ್ತು. ಎಲ್ಲರಿಗೂ ಸಾರಾಯಿ ಕಾದಿತ್ತು, ಬಿಸಿ ಎಲೆಕೋಸಿನ ಸುರುಳಿ ಕಾದಿತ್ತು.

“ನಲವತ್ತೊಂದು ಮುಟ್ಟಿತು,” ಅಂದಳು ಪೌನಾ. “ಅವತ್ತೇ ನಾನು ಅವಳಿಗೆ ನೀರು ಬೇಡ ಅಂತ ಸಹಿ ಹಾಕ್ದೆ. ಅದರ ಮೇಲಿನ ಮೂರು ಯಾರಿಗೆ ಹೋಯ್ತೋ ನಂಗೊತ್ತಿಲ್ಲ.”

ಪಾದ್ರಿಗಳು ಕೆಮ್ಮಿದರು. ಫ್ಲೋರಿಯಾ ಬೇರೆ ಯಾರ ಮುಖವನ್ನೂ ನೋಡಲಿಲ್ಲ.

“ಹಂಗಾದ್ರೆ ಮತ್ತೆ ಒಂದರಿಂದ,” ಅಂದು ಬಗ್ಗಿ ಮೇಣದಬತ್ತಿ ಆರಿಸಿದಳು.

ಸೋಮವಾರ ಬೆಳಿಗ್ಗೆ ಪೌನಾ ಬಾವಿಗೆ ಬಂದರೆ ವೇತಾ ಆಗಲೇ ಹಗ್ಗ ಜಗ್ಗುತ್ತಿದ್ದಳು. ಪೌನಾ ಬಕೆಟ್ಟಿಗೆ ಕೈ ಹಾಕಿದಳು. ವೇತಾ ಆ ಕೈಯನ್ನು ತಳ್ಳಿಬಿಟ್ಟಳು.

“ನಿನ್ನ ಕೈಲಿ ಸಹಿ ಹಾಕ್ಸಿದ್ದು ನಾನು. ಹೊರೋಳೂ ನಾನೇ. ನೀನು ಕೋಲು ಹಿಡಿ.”

“ಆ ಸೊಂಟದಲ್ಲಾ? ನಲವತ್ತನಾಲ್ಕು ದಿನಾನಾ? ಅದೂ ಬಾಯಿ ಮುಚ್ಕೊಂಡು?”

“ಬಾಯಿ ಮುಚ್ಚೋದೇ ಕಷ್ಟ. ಬಿಡು, ಶುರು ಮಾಡ್ತೀನಿ.”

ಆಮೇಲೆ ವೇತಾ ಮಾತಾಡಲಿಲ್ಲ. ಹತ್ತು ನಿಮಿಷದ ದಾರಿಯಲ್ಲಿ ಆರು ಸಲ ನಿಂತಳು, ಆರು ಸಲವೂ ಹಲ್ಲು ಕಚ್ಚಿ ಎತ್ತಿಕೊಂಡಳು. ಹಿಂದೆ ಹಿಂದೆ ಪೌನಾ ಕೋಲು ಹಿಡಿದು ನಡೆದಳು. ಎರಡು ಬದಿಯ ನಲ್ಲಿಗಳ ನಡುವೆ ನಡೆದು ಹೋಗಿ ಫ್ಲೋರಿಯಾಳ ಗೇಟಿನಲ್ಲಿ ಬಕೆಟ್ಟು ಇಳಿಸಿದಾಗ ಅದರಲ್ಲಿ ಮುಕ್ಕಾಲು ನೀರು ಉಳಿದಿತ್ತು. ಪೌನಾ ಹೊಸ ಕೋಲಿನ ಮೇಲೆ ಒಂದು ಗೀರು ಕೊರೆದಳು.

ಶುಕ್ರವಾರ ಅವಳು ಎಂದಿನಂತೆ ಹಲಗೆ ಹಿಡಿದು ಕೆಳಕೇರಿಗೆ ಇಳಿದಳು. ಹೊಸ ಪಟ್ಟಿಯಲ್ಲಿ ಹದಿಮೂರರ ಕೆಳಗೆ ನೇರವಾಗಿ ಹದಿನೈದು ಇತ್ತು. ವೇತಾ ಹೊತ್ತ ಐದು ಬಕೆಟ್ಟನ್ನು ಬರೆಯಲು ಅವಳು ಕಾಗದದ ಹಿಂದೆ ಮುಂದೆ ಎಲ್ಲ ಹುಡುಕಿದಳು, ಜಾಗ ಸಿಗಲಿಲ್ಲ. ನಲವತ್ತು ಮನೆಗಳ ಎದುರು ನಲವತ್ತು ಸೊನ್ನೆ ಬರೆದು ಕೆಳಗೆ ಸಹಿ ಹಾಕಿದಳು. ಆ ಕಾಗದದಲ್ಲಿ ಒಂದು ತಪ್ಪೂ ಇರಲಿಲ್ಲ.